ಗಾಯಗೊಂಡ ಅಳಿಲಿಗೆ ಆಸರೆಯಾದ ವನ್ಯಜೀವಿ ಆರೈಕೆ ಕೇಂದ್ರ

ನಾಯಿ ಕಚ್ಚಿದ ಅಳಿಲೊಂದನ್ನು ನಾನು ಒಪ್ಪಿಸಿದ ವನ್ಯಜೀವಿ ಆರೈಕೆ ಕೇಂದ್ರದ ಸೇವೆಯಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಅವರು ಫೋನಿನಲ್ಲೇ ನೀಡಿದ ಮಾರ್ಗದರ್ಶನ. ದಪ್ಪ ಟವೆಲ್ ಹೊದಿಸಿ ಎತ್ತಿಕೊಳ್ಳಬೇಕು, ಗಾಳಿಯಾಡಲು ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಬೆಚ್ಚಗೆ, ಸದ್ದಿಲ್ಲದ ಕತ್ತಲಲ್ಲಿ ಇಡಬೇಕು, ಹಾಲನ್ನಾಗಲಿ ನೀರನ್ನಾಗಲಿ ಬಾಯಿಗೆ ಹನಿಸಲೇಬಾರದು ಎಂದು ಒಂದೊಂದಾಗಿ ತಿಳಿಸಿದರು. ಆಘಾತದಲ್ಲಿರುವ ಪ್ರಾಣಿಗೆ ಹನಿಸಿದ ದ್ರವ ಶ್ವಾಸಕೋಶ ಸೇರಿದರೆ ಜೀವಕ್ಕೇ ಎರವಾಗುತ್ತದೆ.

ವೈದ್ಯರ ಪರೀಕ್ಷೆಯೂ ಅಷ್ಟೇ ಶ್ರದ್ಧೆಯಿಂದ ಕೂಡಿತ್ತು. ಬೆನ್ನಿನ ಮೇಲೆ ಸಾಸಿವೆ ಕಾಳಿನಷ್ಟು ಚಿಕ್ಕ ರಂಧ್ರವೊಂದೇ ನಮಗೆ ಕಂಡಿತ್ತು; ಅವರು ರೋಮವನ್ನು ಕತ್ತರಿಸಿ ನೋಡಿದಾಗ ಇನ್ನೊಂದು ಬದಿಯಲ್ಲಿಯೂ ಹಲ್ಲಿನ ಗುರುತುಗಳು, ಸುತ್ತಲೂ ನೀಲಿಗಟ್ಟಿದ ಚರ್ಮ ಕಾಣಿಸಿದವು. ದವಡೆಯ ಒತ್ತಡಕ್ಕೆ ಒಳಗಿನ ಸ್ನಾಯು ಜಜ್ಜಿಹೋಗಿ, ನಾಯಿಯ ಬಾಯಿಯ ಬ್ಯಾಕ್ಟೀರಿಯಾ ಆಳಕ್ಕಿಳಿಯುವುದರಿಂದ, ಹೊರಗಿನ ಗಾಯ ಎಷ್ಟೇ ಸಣ್ಣದಾಗಿದ್ದರೂ ಆ್ಯಂಟಿಬಯೋಟಿಕ್ ತಡವಾಗಬಾರದು ಎಂದು ವಿವರಿಸಿದರು. ನೋವುನಿವಾರಕ ಕೊಟ್ಟು, ಸೂಜಿಯ ಮೂಲಕ ಚರ್ಮದಡಿಗೆ ದ್ರವ ನೀಡಿ, ಮೈ ಬೆಚ್ಚಗಾದ ಮೇಲಷ್ಟೇ ಆಹಾರದ ಮಾತೆತ್ತಿದರು. ಹಿಡಿಯುವಾಗ ಅಳಿಲು ನಮ್ಮನ್ನು ಕಚ್ಚಿತೇ ಎಂದು ವಿಚಾರಿಸಲು ಮರೆಯಲಿಲ್ಲ. ಕಚ್ಚಿದ್ದರೆ ಸೋಪು ಹಾಕಿ ತೊಳೆದು ವೈದ್ಯರನ್ನು ಕಾಣುವುದು ಕಡ್ಡಾಯ.

ದಾಖಲಿಸಿದ ಮೇಲೆ ಅಳಿಲಿನ ಸ್ಥಿತಿಯನ್ನು ಅವರಾಗಿಯೇ ತಿಳಿಸುವ ವ್ಯವಸ್ಥೆ ಇಲ್ಲದಿರುವುದು ಒಂದು ಕೊರತೆ. ಕಾಯುವವರ ಆತಂಕವನ್ನು ಒಂದು ಚಿಕ್ಕ ಸಂದೇಶ ಎಷ್ಟೋ ಕಡಿಮೆ ಮಾಡುತ್ತಿತ್ತು. ಆದರೆ ನೋಡಲು ಯಾರನ್ನೂ ಬಿಡದ ಅವರ ನಿಯಮವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ, ಏಕೆಂದರೆ ಮನುಷ್ಯರ ಭಯ ಕಳೆದುಕೊಂಡ ಅಳಿಲು ಹೊರಗೆ ಸುರಕ್ಷಿತವಾಗಿ ಬದುಕುವುದು ಕಷ್ಟ. ಗುಣವಾದ ಬಳಿಕ ಅದು ಸಿಕ್ಕಿದ ಜಾಗದ ಸಮೀಪವೇ ಬಿಡುವ ಸಲುವಾಗಿ ಸ್ಥಳದ ವಿವರವನ್ನು ಬರೆದುಕೊಂಡಿದ್ದಾರೆ.