ಹೆಡ್‌ಲೈಟ್ ಪಾಲಿಶ್ ಕಿಟ್: ಕರಾವಳಿಯ ಬಿಸಿಲು, ಮಳೆ ಎರಡೂ ಕಂಡ ಮೇಲೆ

ಕಿಟ್‌ನಲ್ಲಿ ಬರುವ ಉಜ್ಜುವ ಪೇಪರ್‌ಗೆ ಪೂರ್ತಿ ಅಂಕ. ಕೊನೆಯಲ್ಲಿ ಒರೆಸಲು ಕೊಡುವ ಕೋಟಿಂಗ್ ಪ್ಯಾಕೆಟ್‌ಗೆ ಪಾಸ್ ಮಾರ್ಕೂ ಇಲ್ಲ. ಡ್ರಿಲ್‌ಗೆ ಸಿಕ್ಕಿಸುವ ಪ್ಯಾಡ್, ದೊರಗಿನಿಂದ ನಯದವರೆಗೆ ನಾಲ್ಕಾರು ಪೇಪರ್ ಡಿಸ್ಕ್, ಹೊಳಪು ಕೊಡುವ ಒಂದಿಷ್ಟು ಕಾಂಪೌಂಡ್, ಕೋಟಿಂಗ್‌ನಲ್ಲಿ ನೆನೆಸಿದ ಬಟ್ಟೆ: ಆನ್‌ಲೈನ್‌ನಲ್ಲಿ ಸಿಗುವ ಹೆಚ್ಚಿನ ಕಿಟ್‌ಗಳು ಇಷ್ಟೇ. ಸುರತ್ಕಲ್, ಪಣಂಬೂರು, ಮಲ್ಪೆ ಕಡೆ ಬಯಲಲ್ಲೇ ನಿಲ್ಲುವ ಕಾರಿನಲ್ಲಿ ಇದರ ಹೊಳಪು ಮಳೆಗಾಲ ದಾಟುತ್ತದೆ, ಅದರ ಮುಂದಿನ ಮಾರ್ಚ್-ಏಪ್ರಿಲ್ ಬಿಸಿಲನ್ನು ದಾಟುವುದಿಲ್ಲ. ಮೊದಲು ಮಂಕಾಗುವುದು ಬಾನೆಟ್ ಕಡೆಗೆ ವಾಲಿದ ಮೇಲ್ಭಾಗ; ನೇರ ಬಿಸಿಲು ಬೀಳುವುದು ಅಲ್ಲಿಗೇ.

ಲೆನ್ಸ್ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್‌ನದು. ಸಣ್ಣಪುಟ್ಟ ಕಲ್ಲಿಗೆ ಒಡೆಯುವುದಿಲ್ಲ, ಆದರೆ ಬಿಸಿಲಿನ ಯುವಿ ಕಿರಣಕ್ಕೆ ಹಳದಿ ತಿರುಗುತ್ತದೆ. ಅದಕ್ಕೇ ಕಂಪನಿಯಿಂದ ಬರುವಾಗಲೇ ಮೇಲೊಂದು ಗಟ್ಟಿ ಕೋಟಿಂಗ್ ಇರುತ್ತದೆ. ನಾವು ಉಜ್ಜುವಾಗ ಹಳದಿಯ ಜೊತೆ ಅಳಿದುಳಿದ ಆ ಕೋಟಿಂಗೂ ಹೋಗುತ್ತದೆ. ಹೊಸ ಯುವಿ ಕೋಟ್ ಹಾಕದೆ ಬಿಟ್ಟರೆ ಮೊದಲಿಗಿಂತ ಬೇಗ ಹಾಳಾಗುವುದು ಇದರಿಂದಲೇ. ಟೂತ್‌ಪೇಸ್ಟ್‌ನ ಕಥೆಯೂ ಅಷ್ಟೇ, ಮೇಲ್ಮೇಲೆ ಉಜ್ಜುತ್ತದೆ, ಕಾಪಾಡುವುದಿಲ್ಲ. ಡೀಟ್ ಇರುವ ಸೊಳ್ಳೆ ಸ್ಪ್ರೇ ಇನ್ನೂ ಕೆಟ್ಟದ್ದು: ಪ್ಲಾಸ್ಟಿಕ್‌ನ ಮೇಲ್ಪದರವನ್ನೇ ಕರಗಿಸಿ ಒಂದೆರಡು ದಿನ ಫಳಫಳ ಎನಿಸುತ್ತದೆ, ಆಮೇಲೆ ಅಂಟು ಹಿಡಿದು ಧೂಳು ಕೂರುತ್ತದೆ. ಪೆಟ್ರೋಲ್, ಥಿನ್ನರ್ ಮುಟ್ಟಿಸಲೇಬೇಡಿ. ಪಾಲಿಕಾರ್ಬೊನೇಟ್‌ನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ, ಅದು ಮತ್ತೆ ಹೋಗುವುದಿಲ್ಲ.

ದುಡ್ಡು ಹಾಕುವ ಮುಂಚೆ ಲೆನ್ಸ್ ಮೇಲೆ ನೀರು ಸುರಿದು ನೋಡಿ. ಒದ್ದೆ ಇರುವಷ್ಟು ಹೊತ್ತು ಸ್ವಚ್ಛ ಕಂಡು, ಒಣಗಿದ ಕೂಡಲೇ ಮಂಕಾದರೆ ದೋಷ ಹೊರಗಿದೆ, ಕೆಲಸ ಆಗುತ್ತದೆ. ಒದ್ದೆಯಲ್ಲೂ ಮಂಕಾಗಿದ್ದರೆ ಒಳಗೆ ನೀರಾವಿ ಕೂತಿದೆ, ಇಲ್ಲವೇ ರಿಫ್ಲೆಕ್ಟರ್ ಸುಟ್ಟಿದೆ. ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ನಮ್ಮ ಮಳೆಗೆ ಹಿಂಬದಿಯ ರಬ್ಬರ್ ಕ್ಯಾಪ್ ಸಡಿಲವಾಗಿ ನೀರು ಹೋಗುವುದು ಮಾಮೂಲಿ, ಮೊದಲು ಅದನ್ನು ಸರಿಮಾಡಿ.

ಡ್ರಿಲ್ ಇಲ್ಲದೆಯೂ ಆಗುತ್ತದೆ. ಪೇಂಟ್ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ವಾಟರ್ ಪೇಪರ್ 800, 1000, 1500 (ಸಂಖ್ಯೆ ಹೆಚ್ಚಿದಷ್ಟೂ ನಯ) ತಂದು ಹದಿನೈದು ನಿಮಿಷ ನೀರಲ್ಲಿ ನೆನೆಸಿ. ಬಾಡಿಯ ಅಂಚಿಗೆ ಮಾಸ್ಕಿಂಗ್ ಟೇಪ್ ಎರಡು ಸುತ್ತು ಇರಲಿ. ಒಂದೇ ಸುತ್ತು ಹಾಕಿದರೆ 800 ಪೇಪರ್ ಟೇಪ್ ಹರಿದು ಪೇಂಟ್‌ಗೆ ತಾಗುತ್ತದೆ. ಬಕೆಟ್ ನೀರಿಗೆ ಒಂದೆರಡು ಹನಿ ಶಾಂಪೂ ಸಾಕು. 800ರಲ್ಲಿ ಅಡ್ಡಕ್ಕೆ, 1000ದಲ್ಲಿ ಉದ್ದಕ್ಕೆ, 1500ರಲ್ಲಿ ಮತ್ತೆ ಅಡ್ಡಕ್ಕೆ ಉಜ್ಜಿ. ದಿಕ್ಕು ಬದಲಿಸಿದರೆ ಹಿಂದಿನ ಪೇಪರ್‌ನ ಗೀರು ಉಳಿದಿದೆಯೇ ಎಂದು ಕಣ್ಣಿಗೆ ಬೀಳುತ್ತದೆ. ಇಳಿಯುವ ನೀರು ಮೊದಲು ಹಳದಿ ಗಂಜಿಯ ಹಾಗಿರುತ್ತದೆ. ಅದು ಬರೀ ಬಿಳಿಯಾಗುವವರೆಗೆ 800 ಬಿಡಬೇಡಿ. ಅರ್ಧಂಬರ್ಧ ಎದ್ದ ಹಳೆ ಕೋಟಿಂಗ್‌ನ ಅಂಚು ಮೂಲೆಯಲ್ಲಿ ಉಳಿದರೆ, ಮೇಲೆ ಏನು ಹಾಕಿದರೂ ಭೂಪಟದಂತೆ ಕಾಣುತ್ತಲೇ ಇರುತ್ತದೆ. ಡ್ರಿಲ್ ಬಳಸುವವರು ಒಂದೇ ಜಾಗದಲ್ಲಿ ನಿಲ್ಲಿಸಬೇಡಿ, ಬಿಸಿಗೆ ಪ್ಲಾಸ್ಟಿಕ್ ಮೆದುವಾಗಿ ಗುಳಿ ಬೀಳುತ್ತದೆ.

ಇನ್ನು ಮೇಲಿನ ಕೋಟ್. ಕಿಟ್‌ನ ಪ್ಯಾಕೆಟ್ ಬಿಟ್ಟು ಯುವಿ ರಕ್ಷಣೆ ಎಂದು ಬರೆದಿರುವ ಹೆಡ್‌ಲೈಟ್ 2ಕೆ ಕ್ಲಿಯರ್ ಸ್ಪ್ರೇ, ಅಂದರೆ ಗಟ್ಟಿಯಾಗಿಸುವ ಹಾರ್ಡ್‌ನರ್ ಬೇರೆಯಾಗಿ ಇರುವ ಪಾರದರ್ಶಕ ಸ್ಪ್ರೇ ತೆಗೆದುಕೊಳ್ಳಿ. ಹಾರ್ಡ್‌ನರ್ ಇಲ್ಲದ ಸಾದಾ ಕ್ಲಿಯರ್ ಲ್ಯಾಕರ್ ಬೇಡ, ಹೊಪ್ಪಳೆಯಾಗಿ ಏಳುತ್ತದೆ. ಡಬ್ಬಿಯ ತಳದ ಪಿನ್ ಒತ್ತಿದಾಗ ಒಳಗೆ ಹಾರ್ಡ್‌ನರ್ ಬೆರೆಯುತ್ತದೆ, ಎರಡು ನಿಮಿಷ ಚೆನ್ನಾಗಿ ಕುಲುಕಿ. ಒಮ್ಮೆ ಬೆರೆತರೆ ಎತ್ತಿಡುವ ಮಾತಿಲ್ಲ, ಎರಡೂ ಲ್ಯಾಂಪ್ ಅಂದೇ ಮುಗಿಯಬೇಕು. ಸ್ಪ್ರೇ ಮಾಡುವುದಾದರೆ 1500ಕ್ಕೇ ನಿಲ್ಲಿಸಿ, ಕಾಂಪೌಂಡ್ ಹಚ್ಚಲೇಬೇಡಿ. ಕನ್ನಡಿಯಂತೆ ನಯ ಮಾಡಿದ ಮೇಲೆ ಕ್ಲಿಯರ್ ಹಿಡಿಯುವುದಿಲ್ಲ, ಎಣ್ಣೆಯಂಶ ಉಳಿದರಂತೂ ಸಣ್ಣ ಸಣ್ಣ ಕುಳಿ ಬೀಳುತ್ತವೆ. 1500ರ ಮಂಜು ಮೊದಲ ಕೋಟ್‌ಗೇ ಮಾಯವಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, 20–25 ಸೆಂ.ಮೀ. ದೂರದಿಂದ ಮೊದಲು ತೆಳು ಕೋಟ್, ಹತ್ತು ನಿಮಿಷ ಬಿಟ್ಟು ತುಂಬು ಕೋಟ್. ಈ ಸ್ಪ್ರೇಯಲ್ಲಿ ಉಸಿರಾಟಕ್ಕೆ ಹಾನಿ ಮಾಡುವ ಐಸೊಸಯನೇಟ್ ಇದೆ, ಬಟ್ಟೆ ಮಾಸ್ಕ್ ಏನೂ ತಡೆಯದು. ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್, ಗ್ಲೌಸ್, ತೆರೆದ ಜಾಗ ಮೂರೂ ಬೇಕು. ಇವಿಲ್ಲದಿದ್ದರೆ ಟಿಂಕರಿಂಗ್ ಅಂಗಡಿಯವರಿಗೇ ಸ್ಪ್ರೇ ಮಾಡಲು ಹೇಳಿ. ಉಜ್ಜುವುದು ಮಾತ್ರ ಮನೆಯಲ್ಲೇ ಮಾಡಿ, ಅಲ್ಲಿನ ಹುಡುಗರಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕಬೇಡಿ. ಗಾಳಿಯ ತೇವಕ್ಕೆ ಕ್ಲಿಯರ್ ಹಾಲಿನಂತೆ ಮಂಕಾಗುತ್ತದೆ, ಹಾರ್ಡ್‌ನರ್ ನೀರಿನ ಜೊತೆ ಸೇರಿ ಸೂಜಿಮೊನೆಯಷ್ಟು ಗುಳ್ಳೆ ಏಳುತ್ತವೆ. ದೀಪಾವಳಿ ಕಳೆದ ಮೇಲೆ, ಬೆಳಿಗ್ಗೆ ಇಬ್ಬನಿ ಆರಿ ಸಮುದ್ರದ ಗಾಳಿ ಏಳುವುದರೊಳಗೆ, ನೆರಳಲ್ಲಿ ಮಾಡಿದರೆ ಚೆನ್ನಾಗಿ ಬರುತ್ತದೆ. ತೆಂಗಿನ ಮರದಡಿ ಬೇಡ, ಕಸ ಉದುರುತ್ತದೆ. ಒಂದು ವಾರ ತೊಳೆಯಬಾರದು.

2ಕೆ ಹಾಕಿದ ಲೆನ್ಸ್ ಹಳದಿಯಾಗಿಲ್ಲ. ಹಾಳಾಗಿರುವುದು ಎರಡು ಕಡೆ: ರಾಷ್ಟ್ರೀಯ ಹೆದ್ದಾರಿ 66ರ ಜಲ್ಲಿ ಸಿಡಿದಲ್ಲಿ ಚುಕ್ಕೆ ಚುಕ್ಕೆ ಎದ್ದಿದೆ, ಟೇಪ್ ಅಂಚಿನಲ್ಲಿ ಕೂದಲಷ್ಟು ಬಿಟ್ಟಿದೆ. ಕ್ಲಿಯರ್ ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪ್ ಕೀಳಬೇಕಿತ್ತು, ಆಮೇಲೆ ಕಿತ್ತರೆ ಅಂಚು ಎದ್ದುಬರುತ್ತದೆ. ಮೀನಿನ ಲಾರಿಯ ಹಿಂದೆ ಹೋಗಿ ಉಪ್ಪುನೀರು ಸಿಡಿದ ದಿನ ಬರೀ ನೀರಲ್ಲಿ ತೊಳೆದರೆ ಸಾಕು, ಒಣ ಬಟ್ಟೆಯಲ್ಲಿ ತಿಕ್ಕಬೇಡಿ.

ಆಗುಂಬೆ, ಶಿರಾಡಿ ಘಾಟಿಯಲ್ಲಿ ಮಳೆಗೆ ಇಳಿಯುವವರಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಮಂಕು ಲೆನ್ಸ್ ಬೆಳಕನ್ನು ಚದುರಿಸಿ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ, ರಸ್ತೆಗೆ ಬೀಳುವುದು ಕಡಿಮೆ. 60/55 ವಾಟ್ ಬಲ್ಬ್ ತೆಗೆದು 100/90 ಹಾಕುವುದು ಇದಕ್ಕೆ ಮದ್ದಲ್ಲ. ಹೋಲ್ಡರ್, ರಿಫ್ಲೆಕ್ಟರ್ ಎರಡೂ ಬೇಯುತ್ತವೆ. ಲೆನ್ಸ್‌ನ ಒಳಗೇ ಬಿರುಕು ಬಿಟ್ಟಿದ್ದರೆ ಒರಿಜಿನಲ್ ಲ್ಯಾಂಪ್ ಹಾಕಿಸಿ. ಡ್ಯೂಪ್ಲಿಕೇಟ್‌ನಲ್ಲಿ ಕೋಟಿಂಗ್ ಹೆಸರಿಗಷ್ಟೇ ಇರುವುದು ಸಾಮಾನ್ಯ, ಮತ್ತೆ ಇದೇ ಪೇಪರ್ ಹಿಡಿದು ಕೂರಬೇಕಾಗುತ್ತದೆ.