ಅಡಿಕೆ ಕೊಯ್ಯುವವರ ಲಿಸ್ಟ್ ಕೇಳಿಕೊಂಡು ಬರುವ ಆ್ಯಪ್‌ನವರಿಗೆ ಪೂರ್ತಿ ಫೈಲ್ ಕೊಡಬೇಡಿ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರು ದಯವಿಟ್ಟು ಓದಿ. ಒಂದು ಆ್ಯಪ್ ಕಂಪನಿಯವರು ನಮ್ಮ ಕಡೆ ಕೃಷಿಕರ ಹತ್ತಿರ ಲಿಸ್ಟ್ ಕೇಳುತ್ತಿದ್ದಾರೆ. ಹೆಸರು ಹಾಕಬೇಡಿ ಎಂದು ವಕೀಲರು ಹೇಳಿದ್ದಾರೆ, ಹಾಗಾಗಿ ಹಾಕುವುದಿಲ್ಲ. ಕೇಳುವ ರೀತಿಯಲ್ಲೇ ನಿಮಗೆ ಗೊತ್ತಾಗುತ್ತದೆ.

ನನ್ನ ಹತ್ತಿರ ಇದ್ದದ್ದು ಅಡಿಕೆ ಕೊಯ್ಯುವವರ, ಮದ್ದು ಬಿಡುವವರ (ಅಡಿಕೆಗೆ ಔಷಧಿ ಸಿಂಪಡಿಸುವವರ) ಪಟ್ಟಿ. ಮಳೆ ಸ್ವಲ್ಪ ಬಿಟ್ಟ ದಿನ ಮದ್ದು ಬಿಡಲು ಜನ ಸಿಗದಿದ್ದರೆ ಕೊಳೆರೋಗ ಏನು ಮಾಡುತ್ತದೆ ಎಂದು ತೋಟ ಇರುವವರಿಗೆ ಹೇಳಬೇಕಾಗಿಲ್ಲ. ವರ್ಷಗಟ್ಟಲೆ ಕೇಳಿ ಕೇಳಿ ಬರೆದಿಟ್ಟದ್ದು. ಸುಮ್ನೆ ಹೆಸರು, ನಂಬರ್ ಅಲ್ಲ. ಯಾರು ಮರ ಹತ್ತುತ್ತಾರೆ, ಯಾರು ನೆಲದಲ್ಲೇ ನಿಂತು ಕಾರ್ಬನ್ ಫೈಬರ್ ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ಮಾತ್ರ ಕೊಯ್ಯುತ್ತಾರೆ, ಯಾರು ಇಳಿಜಾರಿನ ತೋಟಕ್ಕೆ ಒಪ್ಪುತ್ತಾರೆ, ಯಾರ ಹತ್ತಿರ ತುಳುವಿನಲ್ಲೋ ಮಲಯಾಳದಲ್ಲೋ ಮಾತಾಡಬೇಕು, ಎಲ್ಲ ಇತ್ತು. ಒಬ್ಬೊಬ್ಬರ ಮುಂದೆ ನನ್ನದೇ ಎರಡು ಸಾಲು.

"ಜೊತೆಯಲ್ಲಿ ಮಾಡೋಣ ಸರ್, ನಿಮಗೂ ಪಾಲು ಇರುತ್ತದೆ. ಡೆಮೊ ತೋರಿಸಲು ಎಕ್ಸೆಲ್ ಕಳಿಸಿ, ಅಗ್ರಿಮೆಂಟ್ ಮುಂದಿನ ವಾರ" ಎಂದರು. ಕಳಿಸಿದೆ. ಆಮೇಲೆ ಫೋನ್ ಎತ್ತುವುದೇ ನಿಂತುಹೋಯಿತು.

ಆ್ಯಪ್ ಬಂದಿದೆ ಎಂದು ತೋರಿಸಿದ್ದು ಪಕ್ಕದ ತೋಟದವರು. ನೋಡುತ್ತಾ ಹೋದೆ. ನನ್ನದೇ ಕ್ರಮ, ನನ್ನದೇ ಸಾಲುಗಳು, ಅಕ್ಷರ ಬಿಡದೆ. ಒಬ್ಬರ ನಂಬರಿನಲ್ಲಿ ಎರಡು ಅಂಕೆ ಹಿಂದೆಮುಂದೆ ಆಗಿದ್ದನ್ನು ನಾನು ಆಮೇಲೆ ಸರಿಮಾಡಿದ್ದೆ, ಅವರಲ್ಲಿ ಹಳೆಯದೇ ಇದೆ. ಇನ್ನೊಬ್ಬರ ಮುಂದೆ "ತಾಯಿಗೆ ಹುಷಾರಿಲ್ಲ, ರಾತ್ರಿ ಫೋನ್ ಮಾಡಬಾರದು" ಎಂದು ನನಗೋಸ್ಕರ ಬರೆದುಕೊಂಡಿದ್ದೆ. ಆ ತಾಯಿ ತೀರಿಹೋಗಿದ್ದಾರೆ. ಆ ಸಾಲನ್ನು ಈಗ ಊರೆಲ್ಲ ಓದುತ್ತಿದೆ. ನನಗೆ ಕೈಕಾಲು ನಡುಗಿತು. ಅವತ್ತು ಸಂಜೆಯಿಂದಲೇ ಫೋನ್. "ನಮ್ಮ ನಂಬರ್ ಎಷ್ಟಕ್ಕೆ ಮಾರಿದ್ರಿ ಅಣ್ಣ?" ನನ್ನನ್ನು ನಂಬಿ ನಂಬರ್ ಕೊಟ್ಟವರು ಕೇಳುತ್ತಿದ್ದಾರೆ. ಮಾರಿಲ್ಲ ಎಂದರೆ ನಂಬುವವರು ಯಾರು?

ಕಂಪನಿಯ ಉತ್ತರ ನೋಡಿ. "ಹೆಸರು, ಫೋನ್ ನಂಬರ್‌ಗೆ ಕಾಪಿರೈಟ್ ಇಲ್ಲ. ಮಾಹಿತಿ ಯಾರ ಸ್ವತ್ತೂ ಅಲ್ಲ. ಬೇಕಾದರೆ ವಕೀಲರನ್ನು ಕೇಳಿ." ಕೇಳಿದೆ. ಅರ್ಧ ನಿಜವಂತೆ. ಹೊಟ್ಟೆ ಉರಿಸಿದ್ದು ಆ ಅರ್ಧವೇ. ಬರೀ ಬೆವರು ಸುರಿಸಿ ಸೇರಿಸಿದ ಮಾತ್ರಕ್ಕೆ ಕಾಪಿರೈಟ್ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಈಸ್ಟರ್ನ್ ಬುಕ್ ಕಂಪನಿ ಕೇಸಿನಲ್ಲಿ ಹೇಳಿದೆ. ಯುರೋಪಿನಲ್ಲಿ 1996ರ ನಿಯಮದಂತೆ ದುಡ್ಡು, ಶ್ರಮ ಹಾಕಿ ಮಾಡಿದ ಡೇಟಾಬೇಸಿಗೇ ಬೇರೆ ಹಕ್ಕು ಇದೆ, 15 ವರ್ಷ. ನಮ್ಮಲ್ಲಿ ಅಂಥದ್ದಿಲ್ಲ. ಯಾಕಿಲ್ಲ? ನಮ್ಮ ಶ್ರಮ ಶ್ರಮ ಅಲ್ವಾ?

ಆದರೆ ಇನ್ನರ್ಧವನ್ನು ಅವರು ಬೇಕೆಂದೇ ಹೇಳಲಿಲ್ಲ. 1957ರ ಕಾಪಿರೈಟ್ ಕಾಯ್ದೆಯ 2(ಒ) ಕಲಮಿನಲ್ಲಿ ಕಂಪ್ಯೂಟರ್ ಡೇಟಾಬೇಸ್ ಕೂಡ ಸಾಹಿತ್ಯ ಕೃತಿಯೇ. ಅದೇ 2007ರ ತೀರ್ಪಿನಲ್ಲಿ, ಆರಿಸಿ ಜೋಡಿಸುವುದರಲ್ಲಿ ಕೌಶಲ, ವಿವೇಚನೆ, ಸ್ವಲ್ಪವಾದರೂ ಸ್ವಂತಿಕೆ ಇದ್ದರೆ ರಕ್ಷಣೆ ಇದೆ ಎಂದೂ ಇದೆ. ನಂಬರ್ ನನ್ನದಲ್ಲ, ಒಪ್ಪಿದೆ. ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂದು ನೋಡಿದ್ದು ನಾನು. ಆ ಸಾಲುಗಳು ನಾನು ಬರೆದದ್ದು. ಅದನ್ನೂ ಎತ್ತಿಕೊಂಡಿದ್ದಾರಲ್ಲ!

ಹೀಗೆ ಬರೆದು ಕಳಿಸಿದಾಗ ಮಾತೇ ಬದಲಾಯಿತು. "ನೀವೇ ಕಳಿಸಿದ್ದು, ಕಳಿಸಿದ ಮೇಲೆ ನಮ್ಮದು." ಕಳಿಸಿದ ಕೂಡಲೇ ಹೇಗೆ ಅವರದಾಗುತ್ತದೆ? 19ನೇ ಕಲಮಿನಂತೆ ಬರಹದಲ್ಲಿ, ನನ್ನ ಸಹಿ ಹಾಕಿ ಕೊಡದೆ ಹಕ್ಕು ಯಾರಿಗೂ ಹೋಗುವುದಿಲ್ಲ. ಸಹಿ ಎಲ್ಲಿದೆ? ಅಗ್ರಿಮೆಂಟ್ ಎಲ್ಲಿದೆ? ಅದಕ್ಕೆ ಬಂದ ಉತ್ತರ: "ಹಾಗಾದರೆ ನಮ್ಮ ಊರಿನ ಕೋರ್ಟಿಗೆ ಬನ್ನಿ."

ಅದೂ ಸುಳ್ಳು ಹೆದರಿಕೆ. ಕಾಪಿರೈಟ್ ಕೇಸನ್ನು ನಾವು ವಾಸ ಇರುವ ಜಾಗದ ಜಿಲ್ಲಾ ಕೋರ್ಟಿನಲ್ಲೇ ಹಾಕಬಹುದು, 62ನೇ ಕಲಮು ನೋಡಿ. ಕಾಪಿರೈಟ್ ರಿಜಿಸ್ಟರ್ ಆಗಿರಲೇಬೇಕು ಎಂದೂ ಇಲ್ಲ. ನಾನು ಕಾಸರಗೋಡಿನಲ್ಲೇ ಹಾಕುತ್ತೇನೆ.

ಯಾರು ಎಷ್ಟು ಸಿಹಿಯಾಗಿ ಕೇಳಿದರೂ ಡೆಮೊಗೆ ನಾಲ್ಕೈದು ಸಾಲು ಮಾತ್ರ ಕೊಡಿ. ಅದರಲ್ಲೂ ನಂಬರ್ ಅಳಿಸಿ. ಉಳಿದದ್ದು ಸಹಿ ಆದ ಮೇಲೆ, ಪಟ್ಟಿಯಲ್ಲಿರುವವರನ್ನು ಕೇಳಿದ ಮೇಲೆ. "ಅಗ್ರಿಮೆಂಟ್ ಮುಂದಿನ ವಾರ" ಎಂದರೆ ಫೈಲ್ ಕೂಡ ಮುಂದಿನ ವಾರವೇ.

ಇವರು ನಿಮ್ಮ ಹತ್ತಿರವೂ ಹೀಗೆ ಕೇಳಿದ್ದರೆ ಮೆಸೇಜ್, ಮೇಲ್ ಯಾವುದನ್ನೂ ಅಳಿಸಬೇಡಿ. ನನಗೆ ತಿಳಿಸಿ, ಕೇಸಿಗೆ ಬೇಕು. ಪಟ್ಟಿಯಲ್ಲಿ ನಂಬರ್ ಇರುವ ಅಣ್ಣಂದಿರೇ, ನಿಮ್ಮ ಹೆಸರು ತೆಗೆಯಬೇಕೆಂದು ನೀವೂ ಅವರಿಗೆ ಬರೆಯಿರಿ. ಕನ್ನಡದಲ್ಲೋ ಮಲಯಾಳದಲ್ಲೋ ನಾನೇ ಬರೆದು ಕೊಡುತ್ತೇನೆ, ಮನೆಗೆ ಬನ್ನಿ.