ಸ್ಮೈಟ್‌ಗೆ ಕಡಿವಾಣ ಬಿತ್ತು: 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಹೇಗಿದೆ?

ಚಿಕ್ಕಮಗಳೂರಲ್ಲೂ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ (ದಾಳ ಉರುಳಿಸುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ) ಆಡುವವರು ಇದ್ದಾರಾ ಅಂತ ಕೇಳಬೇಡಿ, ಇದ್ದೇವೆ. ಭಾನುವಾರ ಬಸವನಹಳ್ಳಿಯ ಗೆಳೆಯನ ಮನೆಯಲ್ಲಿ ಸೇರುತ್ತೇವೆ. ಅಲ್ಲಿ ಜಗಳ ಆಗುವುದು ಕಥೆ ಬಗ್ಗೆ ಅಲ್ಲ, ಎರಡು ಶಕ್ತಿಗಳನ್ನು ಒಂದೇ ಏಟಿಗೆ ಸೇರಿಸಬಹುದಾ ಇಲ್ವಾ ಅನ್ನೋದರ ಬಗ್ಗೆ. ಅದಕ್ಕೇ ಆಟದ ನಿಯಮಗಳಿರುವ ಈ ಪುಸ್ತಕವನ್ನು ಅದೊಂದೇ ಕಣ್ಣಿನಿಂದ ನೋಡಿದ್ದೇನೆ. ಚಿತ್ರಗಳು ಚೆನ್ನಾಗಿವೆ, 384 ಪುಟ, ತೂಕ ಜಾಸ್ತಿ. ಆ ಮಾತು ಇಷ್ಟಕ್ಕೇ ಸಾಕು.

ದೊಡ್ಡ ಬದಲಾವಣೆ ಪ್ಯಾಲಡಿನ್ ಅನ್ನುವ ಕ್ಲಾಸ್‌ಗೆ (ಪಾತ್ರದ ಬಗೆ, ಇವನು ದೈವಬಲದ ಯೋಧ) ಆಗಿದೆ. 2014ರ ಪುಸ್ತಕದಲ್ಲಿ ಕತ್ತಿ ತಾಗಿದ ಮೇಲೆ "ಸ್ಮೈಟ್" ಅಂದರೆ ಮುಗೀತು, ಒಂದು ಸ್ಪೆಲ್ ಸ್ಲಾಟ್ (ಇಷ್ಟೇ ಅಂತ ಸಿಗುವ ಮಂತ್ರದ ಕೋಟಾ) ಹೋಗುತ್ತಿತ್ತು, ಪೆಟ್ಟಿನ ಲೆಕ್ಕಕ್ಕೆ ಎಂಟು ಮುಖದ ದಾಳ ಕನಿಷ್ಠ ಎರಡು ಜಾಸ್ತಿ ಸಿಗುತ್ತಿತ್ತು. ಆಕ್ಷನ್ (ನಿಮ್ಮ ಟರ್ನಲ್ಲಿ, ಅಂದರೆ ಸರದಿಯಲ್ಲಿ, ಮಾಡುವ ಮುಖ್ಯ ಕೆಲಸ) ಖರ್ಚೇ ಇಲ್ಲ. ಹಾಗಾಗಿ ಎರಡು ಏಟಿಗೆ ಎರಡು ಸ್ಮೈಟ್, ಫೈಟರ್ ಕ್ಲಾಸ್ ಕಡೆಯಿಂದ ಎರಡು ಲೆವೆಲ್ ತಂದು ಆಕ್ಷನ್ ಸರ್ಜ್ (ಇನ್ನೊಂದು ಆಕ್ಷನ್ ಕೊಡುವ ಶಕ್ತಿ) ಸೇರಿಸಿದರೆ ನಾಲ್ಕು, ಅದರಲ್ಲೊಂದು ಕ್ರಿಟ್ (ದಾಳದಲ್ಲಿ 20 ಬಿದ್ದ ಏಟು) ಆಯ್ತೋ ಆ ಏಟಿನ ದಾಳಗಳೆಲ್ಲ ದುಪ್ಪಟ್ಟು, ಪಾಪ ಡಿಎಂ (ಆಟ ನಡೆಸುವವನು) ಕಷ್ಟಪಟ್ಟು ಕಟ್ಟಿದ ರಾಕ್ಷಸ ಲೋಟದ ಕಾಫಿ ಆರುವ ಮೊದಲೇ ಸತ್ತಿರುತ್ತಿದ್ದ. ಹೊಸ ಪುಸ್ತಕದಲ್ಲಿ ಡಿವೈನ್ ಸ್ಮೈಟ್ ಒಂದು ಸ್ಪೆಲ್ (ಮಂತ್ರ), ಅದಕ್ಕೆ ಬೋನಸ್ ಆಕ್ಷನ್ (ಆಕ್ಷನ್ ಜೊತೆಗೆ ಮಾಡುವ ಚಿಕ್ಕ ಕೆಲಸ) ಬೇಕು. ಬೋನಸ್ ಆಕ್ಷನ್ ಟರ್ನಿಗೆ ಒಂದೇ. ಕೈ ಇಟ್ಟು ಗಾಯ ವಾಸಿಮಾಡುವ ಲೇ ಆನ್ ಹ್ಯಾಂಡ್ಸ್ ಕೂಡ ಈಗ ಬೋನಸ್ ಆಕ್ಷನ್ನೇ, ಅಂದರೆ ಒಂದೇ ಟರ್ನಲ್ಲಿ ಗೆಳೆಯನನ್ನೂ ಉಳಿಸಿ ಸ್ಮೈಟೂ ಹಾಕುತ್ತೇನೆ ಅಂದರೆ ಆಗಲ್ಲ.

ಸ್ಪೆಲ್ ಆದ ಮೇಲೆ ಸ್ಪೆಲ್‌ನ ಕಷ್ಟಗಳೂ ಬೆನ್ನಿಗೆ ಬಿದ್ದವು. ಎದುರಾಳಿ ಮಂತ್ರವಾದಿ ಕೌಂಟರ್‌ಸ್ಪೆಲ್ ಹಾಕಿ ಸ್ಮೈಟನ್ನೇ ಕೆಡಿಸಬಹುದು. ರೇಜ್‌ನಲ್ಲಿರುವ (ರೋಷ ಏರಿಸಿಕೊಂಡ) ಬಾರ್ಬೇರಿಯನ್ ಕ್ಲಾಸ್‌ನವನು ಸ್ಪೆಲ್ ಹಾಕುವ ಹಾಗಿಲ್ಲ, ಆದ್ದರಿಂದ ಬಾರ್ಬೇರಿಯನ್ ಜೊತೆ ಪ್ಯಾಲಡಿನ್ ಬೆರೆಸಿ ಆಡುವ ಹಳೇ ವರಸೆಯೂ ಹೋಯಿತು. ನನ್ನ ತಕರಾರು ಇರುವುದೇ ಇಲ್ಲಿ. ಇದನ್ನು ಯಾವ ಪುಟವೂ ನೇರವಾಗಿ ಹೇಳುವುದಿಲ್ಲ. ರೇಜ್ ಕ್ಲಾಸ್‌ಗಳ ಅಧ್ಯಾಯದಲ್ಲಿದೆ, ಸ್ಮೈಟ್ ಸ್ಪೆಲ್‌ಗಳ ಅಧ್ಯಾಯದಲ್ಲಿದೆ, ಬೋನಸ್ ಆಕ್ಷನ್ ನಿಯಮ ಮೊದಲ ಅಧ್ಯಾಯದಲ್ಲಿ. ಮೂರು ಕಡೆ ಬೆರಳಿಟ್ಟುಕೊಂಡು ನೀವೇ ಜೋಡಿಸಬೇಕು. ಜೋಡಿಸಿದರೆ ಲೆಕ್ಕ ಸರಿಯಾಗಿ ಕೂರುತ್ತದೆ, ಅದು ಬೇರೆ ಮಾತು.

ರೋಗ್ (ಕಳ್ಳನಂಥ ಚುರುಕು ಪಾತ್ರ) ಆಡುವವರು ಮಾತ್ರ ಖುಷಿಯಾಗಿದ್ದಾರೆ. ಸ್ನೀಕ್ ಅಟ್ಯಾಕ್ (ಸಮಯ ನೋಡಿ ಹೊಡೆದಾಗ ಸಿಗುವ ಹೆಚ್ಚುವರಿ ದಾಳಗಳು) ಟರ್ನಿಗೊಮ್ಮೆ, ಎಲ್ಲರ ಟರ್ನ್ ಸೇರಿದ ರೌಂಡಿಗೊಮ್ಮೆ ಅಲ್ಲ. ಶತ್ರು ತನ್ನ ಟರ್ನಲ್ಲಿ ಓಡಿಹೋಗುವಾಗ ರಿಯಾಕ್ಷನ್‌ನಿಂದ (ಬೇರೆಯವರ ಟರ್ನಲ್ಲೂ ಮಾಡಬಹುದಾದ ಪ್ರತಿಕ್ರಿಯೆ) ಹೊಡೆದರೂ, ಉಳಿದ ಷರತ್ತು ಕೂಡಿದ್ದರೆ, ಮತ್ತೆ ಸಿಗುತ್ತದೆ. ಜೊತೆಗೆ ಚೂರಿಗೆ ನಿಕ್ ಅನ್ನುವ ಹೊಸ ಗುಣ ಬಂದಿದೆ: ಎರಡನೇ ಕೈಯ ಏಟು ಅಟ್ಯಾಕ್ ಆಕ್ಷನ್‌ನಲ್ಲೇ ಮುಗಿಯುತ್ತದೆ, ಬೋನಸ್ ಆಕ್ಷನ್ ಉಳಿಯುತ್ತದೆ, ಅದರಲ್ಲಿ ಓಡಿಹೋಗಬಹುದು, ಇಲ್ಲವೇ ಬಚ್ಚಿಟ್ಟುಕೊಳ್ಳಬಹುದು.

ಬದಲಾಗಬೇಕಿತ್ತು, ಆಗಿಲ್ಲ ಅನ್ನಿಸಿದ್ದು ಮಂಜಿನ ವಿಚಾರ. ಫಾಗ್ ಕ್ಲೌಡ್ ಸ್ಪೆಲ್ ಹಾಕಿದ ಮಂಜಿನ ಒಳಗೆ ಹೊಡೆಯುವವನಿಗೂ ಗುರಿಗೂ ಏನೂ ಕಾಣಲ್ಲ. ನಿಮಗೆ ಗುರಿ ಕಾಣದಿದ್ದರೆ ಡಿಸ್‌ಅಡ್ವಾಂಟೇಜ್ (ದಾಳ ಎರಡು ಸಲ ಹಾಕಿ ಕಮ್ಮಿ ಬಿದ್ದದ್ದು ಲೆಕ್ಕ), ಗುರಿಗೆ ನೀವು ಕಾಣದಿದ್ದರೆ ಅಡ್ವಾಂಟೇಜ್ (ಜಾಸ್ತಿ ಬಿದ್ದದ್ದು ಲೆಕ್ಕ), ಎರಡೂ ಸೇರಿ ವಜಾ. ಬಿಲ್ಲಿನ ಮಾಮೂಲಿ ದೂರ ದಾಟಿದ್ದಕ್ಕೆ ಬರುವ ಡಿಸ್‌ಅಡ್ವಾಂಟೇಜೂ ಅದರಲ್ಲೇ ಮಾಯ! ಅಂದರೆ ದೂರದ ಗುರಿಗೆ ಬಿಸಿಲಿಗಿಂತ ಮಂಜಲ್ಲೇ ಬಾಣ ಚೆನ್ನಾಗಿ ತಾಗುತ್ತದೆ. ಮಳೆಗಾಲದಲ್ಲಿ ಮುಳ್ಳಯ್ಯನಗಿರಿಗೆ ಬೈಕ್ ಹತ್ತಿಸಿದವರ ಹತ್ತಿರ ಇದನ್ನು ಹೇಳಿ ನೋಡಿ.

ಕೊಳ್ಳಬೇಕಾ? ಹೊಸದಾಗಿ ಶುರು ಮಾಡುವವರು ಸುಮ್ನೆ ದುಡ್ಡು ಹಾಕಬೇಡಿ. 2025ರಲ್ಲಿ ಬಂದ ಎಸ್‌ಆರ್‌ಡಿ 5.2 (ಆಟದ ಮೂಲ ನಿಯಮಗಳ ಕಡತ) ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಉಚಿತ, ಹನ್ನೆರಡೂ ಕ್ಲಾಸ್ ಇವೆ, ತಲಾ ಒಂದು ಸಬ್‌ಕ್ಲಾಸ್ (ಕ್ಲಾಸ್‌ನ ಒಳಕವಲು) ಅಷ್ಟೇ. ಬೇಕಾದ ಪುಟ ಮಾತ್ರ ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸಿಕೊಂಡರೆ ಆಟ ನಡೆಯುತ್ತದೆ. 48 ಸಬ್‌ಕ್ಲಾಸ್ ಬೆರೆಸಿ ನೋಡುವ ಹುಚ್ಚು ಇದ್ದರೆ ಪುಸ್ತಕ ತಗೊಳ್ಳಿ. ಬಾರ್ಬೇರಿಯನ್ ಕೈಲಿ ಸ್ಮೈಟ್ ಹಾಕಿಸುವ ಆಸೆ ಇನ್ನೂ ಇರುವವರು ಮಾತ್ರ 2014ರ ಪ್ರತಿಯನ್ನು ಮಾರಬೇಡಿ.